ಎರಡು ಸಲ ಕಡಿದರೂ ಬಿಡದ ಗಿಡ

ಅಮೆರಿಕದ ಅಯೋವಾ ರಾಜ್ಯದ ವಿಂಟರ್‌ಸೆಟ್ ಸಣ್ಣ ಪೇಟೆ. ಊರಿನ ಚರಿತ್ರೆ ಅಲ್ಲಿ ದಾರಿಬದಿಯ ಕಲ್ಲು, ಫಲಕಗಳಲ್ಲೇ ಓದಲಿಕ್ಕೆ ಸಿಗುತ್ತದೆ. ಪ್ರವಾಸಿಗಳು ಹುಡುಕುವುದು ಸಿನೆಮಾ ನಟ ಜಾನ್ ವೇನ್ 1907ರಲ್ಲಿ ಹುಟ್ಟಿದ ಮನೆ, ಮಾಡು ಇರುವ ಮರದ ಸೇತುವೆಗಳನ್ನು. ಕೃಷಿಕನಾದ ನನಗೆ ಹಿಡಿಸಿದ್ದು ಸಿಟಿ ಪಾರ್ಕಿನ ಒಂದು ಕಲ್ಲು. 1922ರಲ್ಲಿ ನೆಟ್ಟದ್ದು, ಅದೂ ಒಂದು ಸೇಬಿನ ತಳಿಗಾಗಿ!

1870ರ ದಶಕದಲ್ಲಿ ಹತ್ತಿರದ ಪೆರು ಎಂಬಲ್ಲಿ ಜೆಸ್ಸಿ ಹಯಾಟ್ ಎಂಬ ಕೃಷಿಕರ ತೋಟದಲ್ಲಿ ಸಾಲು ತಪ್ಪಿ ಒಂದು ಕಾಟು ಗಿಡ ಹುಟ್ಟಿತು. ಕಡಿದರು. ಚಿಗುರಿತು. ಮತ್ತೆ ಕಡಿದರು, ಮತ್ತೆ ಬಂತು. ಕೊನೆಗೆ ಇರಲಿ ಅಂತ ಬಿಟ್ಟರಂತೆ. (ನಮ್ಮ ಹಿತ್ತಲಿನ ಕಾಟು ಮಾವಿಗೆ ಇಷ್ಟು ಪುರುಸೊತ್ತು ಕೊಡುವವರು ಎಷ್ಟು ಮಂದಿ?)

1893ರಲ್ಲಿ ಅದರ ಹಣ್ಣನ್ನು ಮಿಸೌರಿಯ ಸ್ಟಾರ್ಕ್ ನರ್ಸರಿಯ ಸ್ಪರ್ಧೆಗೆ ಕಳಿಸಿದರು. ರುಚಿ ಹಿಡಿಸಿತು, ಕಳಿಸಿದವರ ವಿಳಾಸವೇ ಕಾಣೆ! ಮರುವರ್ಷ ಹಯಾಟ್ ಪುನಃ ಕಳಿಸಿದ್ದರಿಂದ ಪತ್ತೆಯಾಯಿತು. ನರ್ಸರಿಯವರು ಹಕ್ಕು ಖರೀದಿಸಿ 'ಡೆಲಿಶಿಯಸ್' ಎಂದು ಹೆಸರಿಟ್ಟರು. ಕಾಶ್ಮೀರ, ಹಿಮಾಚಲದಿಂದ ನಮ್ಮ ಪೇಟೆಗೆ ಬರುವ ಕೆಂಪು ಸೇಬಿನಲ್ಲಿ ಬಹುಪಾಲು ಇದರ ಸಂತತಿಯೇ.

1940ರ ನವೆಂಬರದಲ್ಲಿ ಹಠಾತ್ತನೆ ಬಂದ ಚಳಿಗೆ ತಾಯಿಮರ ಸತ್ತಿತು. ಅಯೋವಾದ ಸೇಬು ತೋಟಗಳೂ ಬಹಳಷ್ಟು ಹೋದವು. ಆದರೆ ಆ ಬುಡದಿಂದ ಪುನಃ ಚಿಗುರು! ಕಸಿಗಿಡವಾಗಿದ್ದರೆ ಬುಡದ ಜಾತಿಯೇ ಬರುತ್ತಿತ್ತು. ಇದು ಬೀಜದಿಂದ ಬಂದ ಗಿಡವಲ್ಲವೇ, ಹಾಗಾಗಿ ಚಿಗುರಿದ್ದೂ ಅಸಲು ಡೆಲಿಶಿಯಸ್.