ದೀಪದ ಕಂಬವೇರಿ ಬಂದ ಅಂತರಜಾಲ

ಗೃಹಸ್ಥ ಜೀವನದ ಅಗತ್ಯಗಳ ಪಟ್ಟಿಯು ಕಾಲಕಾಲಕ್ಕೆ ಬೆಳೆಯುತ್ತಲೇ ಬಂದಿದೆ. ನಮ್ಮ ಹಿರಿಯರಿಗೆ ಬಾವಿಯ ನೀರು, ಒಲೆಯ ಬೆಂಕಿ, ಎಣ್ಣೆಯ ದೀಪ ಇವಿಷ್ಟೇ ಸಾಕಾಗಿದ್ದವು. ಅನಂತರ ವಿದ್ಯುತ್ತು ಬಂದಿತು, ನಳದ ನೀರು ಬಂದಿತು, ದೂರವಾಣಿ ಬಂದಿತು. ಇಂದು ಅಂತರಜಾಲವೂ ಈ ಪಟ್ಟಿಯಲ್ಲಿ ಸೇರಿಕೊಂಡಿದೆ. ಇದನ್ನು ವಿಲಾಸವೆಂದು ಬಗೆಯುತ್ತಿದ್ದವರ ಕಣ್ಣು ತೆರೆಸಿದ್ದು 2020 ಮತ್ತು 2021ರ ಕೋವಿಡ್ ಕಾಲ. ಶಾಲೆಗಳ ಬಾಗಿಲು ಮುಚ್ಚಿ ಪಾಠವೆಲ್ಲವೂ ಮೊಬೈಲ್ ಪರದೆಗೆ ಬಂದಾಗ, ಮಲೆನಾಡಿನ ಹಾಗೂ ಕರಾವಳಿಯ ಮಕ್ಕಳು ಸಂಕೇತವನ್ನು ಅರಸುತ್ತಾ ಗುಡ್ಡವೇರಿ ಕುಳಿತರು. ಸುಳ್ಯ ತಾಲೂಕಿನ ಹಳ್ಳಿಯೊಂದರಲ್ಲಿ ಸುರಿವ ಮಳೆಯ ನಡುವೆ ರಸ್ತೆಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆಯು ಕೊಡೆ ಹಿಡಿದು ನಿಂತ ಚಿತ್ರವನ್ನು 2021ರ ಜೂನ್ ತಿಂಗಳಲ್ಲಿ ನಾಡೆಲ್ಲ ಕಂಡಿತು. ಆ ಕೊಡೆಯ ಕೆಳಗಿದ್ದ ಪ್ರಶ್ನೆ ಒಂದೇ: ಊರ ಕಟ್ಟಕಡೆಯ ಮನೆಗೆ ಈ ಸೌಲಭ್ಯವನ್ನು ತಲುಪಿಸುವ ದಾರಿ ಯಾವುದು?

ಕುಂದಾಪುರದ ಕೋಡಿಯನ್ನು ಬಲ್ಲವರಿಗೆ ಈ ಪ್ರಶ್ನೆಯ ತೂಕ ಬೇಗನೆ ಅರ್ಥವಾದೀತು. ಕೋಡಿ ಎಂದರೆ ತುದಿ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಪಂಚಗಂಗಾವಳಿಯ ಹಿನ್ನೀರು, ನಡುವೆ ತೆಂಗಿನ ತೋಪು, ಮರಳು ನೆಲ, ದೀಪಸ್ತಂಭ, ಮೀನುಗಾರರ ಮನೆಗಳು. ಇಂತಹ ನೆಲದಲ್ಲಿ ಮನೆಮನೆಗೂ ಕಾಲುವೆ ತೋಡಿ ತಂತಿ ಹೂಳುವುದು ದುಬಾರಿಯ ಕೆಲಸ. ದೂರದ ಒಂದು ಮನೆಗಾಗಿ ಅಷ್ಟು ಹಣ ಸುರಿಯಲು ಯಾವ ವ್ಯಾಪಾರಿಯೂ ಸುಲಭಕ್ಕೆ ಮುಂದಾಗುವುದಿಲ್ಲ. ಆದರೆ ಆ ಮನೆಗೂ ಒಂದು ತಂತಿ ಆಗಲೇ ಹೋಗಿದೆಯಲ್ಲವೇ? ಅದು ವಿದ್ಯುತ್ತಿನ ತಂತಿ. ಆ ದಾರಿಯನ್ನೇ ಅಂತರಜಾಲಕ್ಕೂ ಏಕೆ ಬಳಸಬಾರದು ಎಂಬ ಆಲೋಚನೆಯೇ ಈ ಲೇಖನದ ವಸ್ತು.

ಈ ಆಲೋಚನೆ ಹೊಸದೇನೂ ಅಲ್ಲ. ದೂರದೂರದ ವಿದ್ಯುತ್ ಕೇಂದ್ರಗಳ ಸಿಬ್ಬಂದಿ ಪರಸ್ಪರ ಮಾತನಾಡಿಕೊಳ್ಳಲು ಹೈಟೆನ್ಷನ್ ತಂತಿಗಳನ್ನೇ ಬಳಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳಲ್ಲಿ ಹರಿಯುತ್ತದೆ. ಮಾತಿನ ಸಂಕೇತವನ್ನು ಅದಕ್ಕಿಂತ ಸಾವಿರಾರು ಪಟ್ಟು ಹೆಚ್ಚಿನ ಆವರ್ತನದಲ್ಲಿ ಅದೇ ತಂತಿಗೆ ಏರಿಸಿದರೆ ಒಂದು ಇನ್ನೊಂದಕ್ಕೆ ಅಡ್ಡಿಯಾಗದು. ಹಲವು ಉಪಕೇಂದ್ರಗಳಲ್ಲಿ ತಂತಿಯ ತುದಿಗೆ ತೂಗುಹಾಕಿದ ದೊಡ್ಡ ಸುರುಳಿಗಳನ್ನು ಓದುಗರು ಕಂಡಿರಬಹುದು. ಸಂಕೇತವು ದಾರಿ ತಪ್ಪಿ ಯಂತ್ರಗಳೊಳಗೆ ನುಗ್ಗದಂತೆ ತಡೆಯುವುದು ಅವುಗಳ ಕೆಲಸ.

ಮಾತು ಹೋಗುವ ತಂತಿಯಲ್ಲಿ ಅಂತರಜಾಲವೂ ಹೋಗಲಿ ಎಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪ್ರದೇಶದಲ್ಲಿ 1997ರಲ್ಲಿ ನಾರ್ವೆಬ್ ಹಾಗೂ ನಾರ್ಟೆಲ್ ಸಂಸ್ಥೆಗಳು ಪ್ರಯೋಗ ನಡೆಸಿದವು. 1999ರಲ್ಲಿ ಅದನ್ನು ಕೈಬಿಡಲಾಯಿತು. ಅಮೆರಿಕದ ವರ್ಜೀನಿಯಾ ರಾಜ್ಯದ ಮನಾಸಸ್ ನಗರ ಇದೇ ಬಗೆಯ ಸೇವೆಯನ್ನು ಊರಿಗೆಲ್ಲ ಒದಗಿಸಿ, 2010ರಲ್ಲಿ ನಿಲ್ಲಿಸಿಬಿಟ್ಟಿತು. ಕಾರಣಗಳು ಸ್ಪಷ್ಟ. ವಿದ್ಯುತ್ತಿನ ತಂತಿಗೆ ಸಂಕೇತ ಹೊರಚೆಲ್ಲದಂತೆ ಕಾಯುವ ಹೊದಿಕೆಯಿಲ್ಲ. ಆದ್ದರಿಂದ ಅದು ರೇಡಿಯೋ ಆಂಟೆನಾದಂತೆ ವರ್ತಿಸಿ ಸುತ್ತಲಿನ ರೇಡಿಯೋ ಪ್ರಸಾರಕ್ಕೆ ತೊಡಕು ಮಾಡುತ್ತದೆ. ಟ್ರಾನ್ಸ್‌ಫಾರ್ಮರು ಸಂಕೇತವನ್ನು ಸರಾಗವಾಗಿ ದಾಟಿಸುವುದಿಲ್ಲ. ಇನ್ನು ಮನೆಯೊಳಗಿನ ಮಿಕ್ಸರು, ಮೋಟಾರು, ಫ್ಯಾನಿನ ರೆಗ್ಯುಲೇಟರುಗಳು ಎಬ್ಬಿಸುವ ಗದ್ದಲವಂತೂ ಹೇಳತೀರದು. ಸಂತೆಯ ನಡುವೆ ಪಿಸುಮಾತು ಆಡಿದಂತಾಯಿತು!

ಆದರೆ ತಂತಿ ಸೋತಲ್ಲಿ ಕಂಬ ಗೆದ್ದಿತು. ವಿದ್ಯುತ್ ತಂತಿಯೊಳಗೆ ಸಂಕೇತವನ್ನು ತುರುಕುವುದರ ಬದಲು, ಅದೇ ಕಂಬದ ಮೇಲೆ ಆಪ್ಟಿಕಲ್ ಫೈಬರ್ ಎಂಬ ಗಾಜಿನೆಳೆಯನ್ನು ಪ್ರತ್ಯೇಕವಾಗಿ ಕಟ್ಟುವ ವಿಧಾನ ಬಳಕೆಗೆ ಬಂದಿತು. ಕೂದಲಿನಷ್ಟು ತೆಳುವಾದ ಈ ಎಳೆಯೊಳಗೆ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಗಾಜು ವಿದ್ಯುತ್ತನ್ನು ಹರಿಯಗೊಡದು. ಪಕ್ಕದ ತಂತಿಯ ಪ್ರಭಾವ ಅದರ ಸಂಕೇತವನ್ನು ಕೆಡಿಸದು. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯುವ, ತಾಮ್ರ ಕಿಲುಬುಗಟ್ಟುವ ಕೋಡಿಯಂತಹ ಕಡಲತೀರದಲ್ಲಿ ಈ ಗುಣವು ವಿಶೇಷ ಉಪಕಾರಿ. ಗಾಳಿಗೆ ತೆಂಗಿನ ಮಡಲು ಬಿದ್ದರೆ ಎಳೆ ತುಂಡಾಗುವುದುಂಟು. ಆದರೆ ಕಂಬದ ಮೇಲಿರುವುದನ್ನು ಹುಡುಕಿ ಜೋಡಿಸುವುದು ನೆಲ ಅಗೆಯುವುದಕ್ಕಿಂತ ಸುಲಭ.

ಭಾರತದ ಪವರ್‌ಗ್ರಿಡ್ ಸಂಸ್ಥೆಯು 1998ರಲ್ಲೇ ದೂರಸಂಪರ್ಕ ಕ್ಷೇತ್ರಕ್ಕೆ ಕಾಲಿಟ್ಟು, ತನ್ನ ಭಾರೀ ಗೋಪುರಗಳ ನೆತ್ತಿಯಲ್ಲಿ ಸಿಡಿಲಿನ ರಕ್ಷಣೆಗಾಗಿ ಎಳೆಯುವ ತಂತಿಯೊಳಗೇ ಗಾಜಿನೆಳೆಗಳನ್ನು ಇರಿಸಿತು. ರೈಲು ಹಳಿಗಳ ಬದಿಯ ಫೈಬರನ್ನು ಸಾರ್ವಜನಿಕರ ಉಪಯೋಗಕ್ಕೆ ತರಲು 2000ದಲ್ಲಿ ರೈಲ್‌ಟೆಲ್ ಸಂಸ್ಥೆ ಹುಟ್ಟಿತು; ಅದರ ರೈಲ್‌ವೈರ್ ಸೇವೆಯು ಸ್ಥಳೀಯ ಕೇಬಲ್ ನಿರ್ವಾಹಕರ ಮೂಲಕ ಮನೆಗಳನ್ನು ಮುಟ್ಟುತ್ತದೆ. ಹೊರನಾಡುಗಳಲ್ಲೂ ಇಂತಹ ಜಾಣ್ಮೆಗೆ ಕೊರತೆಯಿಲ್ಲ. ಟೋಕಿಯೋ ನಗರವು ತನ್ನ ಒಳಚರಂಡಿಗಳಲ್ಲಿ ಫೈಬರ್ ಹಾಯಿಸಿತು; ಅಮೆರಿಕದ ವಿಲಿಯಮ್ಸ್ ಕಂಪನಿಯು 1980ರ ದಶಕದಲ್ಲಿ ಬಳಕೆ ತಪ್ಪಿದ ಇಂಧನ ಕೊಳವೆಗಳಲ್ಲಿ ಅದನ್ನು ಎಳೆಯಿತು.

ನಮಗೆ ಸಮೀಪದ ನಿದರ್ಶನವೆಂದರೆ ಕನ್ನಡಿಗರು ನೆಲೆಸಿರುವ ಕಾಸರಗೋಡನ್ನೂ ಒಳಗೊಂಡ ಕೇರಳದ್ದು. ಅಲ್ಲಿನ ವಿದ್ಯುತ್ ಮಂಡಳಿ ಮತ್ತು ರಾಜ್ಯದ ಮಾಹಿತಿ ತಂತ್ರಜ್ಞಾನ ಮೂಲಸೌಕರ್ಯ ಸಂಸ್ಥೆ ಜೊತೆಗೂಡಿ ಕೆ-ಫೋನ್ ಎಂಬ ಯೋಜನೆಯನ್ನು ರೂಪಿಸಿದವು. ಫೈಬರ್ ಸಾಗುವುದು ಮಂಡಳಿಯ ಗೋಪುರ ಮತ್ತು ಕಂಬಗಳ ಮೇಲೆ. ಯಂತ್ರಗಳು ನಿಂತಿರುವುದು ಅದರ ಉಪಕೇಂದ್ರಗಳಲ್ಲಿ. 2023ರ ಜೂನ್ 5ರಂದು ಇದು ಉದ್ಘಾಟನೆಗೊಂಡಿತು. 30,000 ಸರ್ಕಾರಿ ಕಚೇರಿಗಳನ್ನು ಜೋಡಿಸುವುದು, 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ನೀಡುವುದು ಅದರ ಗುರಿ. ಮೊದಲ ಹಂತಕ್ಕೆ ಆರಿಸಿಕೊಂಡದ್ದು ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ನೂರು ಮನೆಗಳಂತೆ 14,000 ಕುಟುಂಬಗಳನ್ನು. ಗುರಿಗೂ ಆರಂಭಕ್ಕೂ ಅಂತರ ದೊಡ್ಡದೇ. ಆದರೂ ಕಂಬದ ಒಡೆಯನೇ ಪಾಲುದಾರನಾದದ್ದು ಇಲ್ಲಿ ಗಮನಾರ್ಹ.

ನಮ್ಮ ಕಡೆಯ ಸ್ಥಿತಿ ಬೇರೆ ಬಗೆಯದು. 2002ರಲ್ಲಿ ಸ್ಥಾಪನೆಗೊಂಡ ಮೆಸ್ಕಾಂ ಉಡುಪಿ ಜಿಲ್ಲೆಗೆ ವಿದ್ಯುತ್ ಪೂರೈಸುತ್ತದೆ. ಕರಾವಳಿಯ ಊರುಗಳಲ್ಲಿ ದೂರದರ್ಶನದ ಕೇಬಲ್ ಎಳೆದಿದ್ದ ಸ್ಥಳೀಯ ನಿರ್ವಾಹಕರೇ ಕಾಲಕ್ರಮದಲ್ಲಿ ವಿದ್ಯುತ್ ಕಂಬಗಳ ಆಸರೆಯಲ್ಲಿ ಫೈಬರನ್ನೂ ಮನೆಗಳಿಗೆ ಮುಟ್ಟಿಸುತ್ತಿದ್ದಾರೆ. ಈ ಶ್ರಮವನ್ನು ಮೆಚ್ಚಲೇಬೇಕು. ಆದರೆ ನಾಡಿನ ಅನೇಕ ಊರುಗಳಲ್ಲಿ ಒಂದೇ ಕಂಬಕ್ಕೆ ಹತ್ತಾರು ಕೇಬಲ್‌ಗಳು ಜಡೆಗಟ್ಟಿ ಜೋತಾಡುವುದನ್ನೂ, ಸತ್ತ ಕೇಬಲ್‌ಗಳು ವರ್ಷಗಟ್ಟಲೆ ಅಲ್ಲೇ ಉಳಿಯುವುದನ್ನೂ ನಾವು ಕಾಣುತ್ತೇವೆ. ಮಳೆಗಾಲದ ರಾತ್ರಿ ಕಂಬವೇರಿ ನಮಗೆ ಬೆಳಕು ಮರಳಿಸುವ ಲೈನ್‌ಮನ್ನನ ಕಾಲಿಗೆ ಈ ಗೋಜಲು ತೊಡಕಾಗುತ್ತದೆ. ಗಾಜಿನೆಳೆ ವಿದ್ಯುತ್ತನ್ನು ಹರಿಸದಿದ್ದರೂ, ಅದಕ್ಕೆ ಆಧಾರವಾಗಿ ಕಟ್ಟುವ ಉಕ್ಕಿನ ತಂತಿ ಹರಿಸಬಲ್ಲುದು ಎಂಬುದನ್ನು ಮರೆಯಲಾಗದು.

2025ರ ಆಗಸ್ಟ್‌ನಲ್ಲಿ ಹೈದರಾಬಾದಿನ ರಾಮಂತಾಪುರದಲ್ಲಿ ಕೃಷ್ಣಾಷ್ಟಮಿಯ ರಥಕ್ಕೆ ವಿದ್ಯುತ್ ತಗುಲಿ ಐವರು ಅಸುನೀಗಿದರು. ಆ ಬಳಿಕ ಕಂಬಗಳ ಮೇಲಿನ ಕೇಬಲ್‌ಗಳನ್ನು ಕತ್ತರಿಸುವ ಕಾರ್ಯ ಭರದಿಂದ ನಡೆದು, ಎಷ್ಟೋ ಮನೆಗಳ ಅಂತರಜಾಲ ಕಡಿದುಹೋಯಿತು. ಒಪ್ಪಂದವಿಲ್ಲದೆ, ಅಂಕೆಯಿಲ್ಲದೆ ಕಟ್ಟಿದ ಸೌಕರ್ಯಕ್ಕೆ ಎರಡು ಬಗೆಯ ಕೇಡು ಕಾದಿರುತ್ತದೆ: ಒಂದು ದಿನ ಜೀವ ಹೋದೀತು, ಮರುದಿನ ಸಂಪರ್ಕ ಹೋದೀತು. 2023ರ ದೂರಸಂಪರ್ಕ ಕಾಯ್ದೆಯ ಅಡಿಯಲ್ಲಿ ಹೊರಬಂದ ಮಾರ್ಗಹಕ್ಕು ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ದಾರಿ ಕೇಳುವುದಕ್ಕೆ ಕ್ರಮವಿದೆ. ಕೇಳುವ ಮನಸ್ಸು ಬೇಕು.

ಕುಟುಂಬಗಳಿಗೂ ಇದರಲ್ಲಿ ಕರ್ತವ್ಯವುಂಟು. ಸಂಪರ್ಕ ಪಡೆಯುವಾಗ ತಿಂಗಳ ದರವೊಂದನ್ನೇ ಕೇಳದೆ, ಕಂಬದ ಬಳಕೆಗೆ ಅನುಮತಿ ಇದೆಯೇ ಎಂದೂ ವಿಚಾರಿಸಬೇಕು. ಜೋತುಬಿದ್ದ ತಂತಿ ಯಾವುದೇ ಇರಲಿ, ಅದನ್ನು ಮುಟ್ಟದಂತೆ ಮಕ್ಕಳಿಗೆ ತಿಳಿಹೇಳಿ, ವಿದ್ಯುತ್ ಕಚೇರಿಗೆ ಸುದ್ದಿ ಮುಟ್ಟಿಸಬೇಕು. ಸೇವೆ ನಿಲ್ಲಿಸಿದಾಗ ಹಳೆಯ ಕೇಬಲನ್ನು ಇಳಿಸಿಕೊಂಡು ಹೋಗುವಂತೆ ಒತ್ತಾಯಿಸಬೇಕು. ಫೈಬರಿಗೆ ವಿದ್ಯುತ್ತು ಬೇಡವಾದರೂ ಮನೆಯ ಪೆಟ್ಟಿಗೆಗೆ ಬೇಕು. ಮಳೆಗಾಲದಲ್ಲಿ ಸಣ್ಣದೊಂದು ಬ್ಯಾಟರಿ ಇರಿಸಿಕೊಂಡರೆ ಮಕ್ಕಳ ಪಾಠ ನಡುವೆ ನಿಲ್ಲದು.

ಹಿಂದೆ ಭಾಗ್ಯಜ್ಯೋತಿ ಯೋಜನೆಯಲ್ಲಿ ನಮ್ಮ ರಾಜ್ಯವು ಬಡವರ ಗುಡಿಸಲಿಗೆ ಒಂದು ದೀಪವನ್ನು ಕೊಟ್ಟಿತು. ಆ ಒಂದು ದೀಪಕ್ಕಾಗಿ ನೆಟ್ಟ ಕಂಬ ಇಂದು ಅಂತರಜಾಲವನ್ನೂ ಹೊರಬಲ್ಲುದು. ವಿದ್ಯುತ್ ಕಂಪನಿ, ಪಂಚಾಯಿತಿ, ಪುರಸಭೆ, ಕೇಬಲ್ ನಿರ್ವಾಹಕರು ಒಂದೆಡೆ ಕುಳಿತು, ಯಾರ ತಂತಿ ಎಲ್ಲಿ, ಎಷ್ಟು ಎತ್ತರದಲ್ಲಿ, ಯಾರ ಹೊಣೆಯಲ್ಲಿ ಎಂಬುದನ್ನು ಬರೆದಿಟ್ಟುಕೊಂಡರೆ ಕೋಡಿಯ ಕಡೆಯ ಮನೆಯೂ ಹೊರಗುಳಿಯಬೇಕಾಗಿಲ್ಲ, ಕಂಬವೇರುವ ಕಾಯಕಜೀವಿಯೂ ಅಂಜಬೇಕಾಗಿಲ್ಲ. ಹಂಚಿಕೊಂಡ ಕಂಬವು ಎಲ್ಲರ ಸೊತ್ತು. ಆದ್ದರಿಂದಲೇ ಅದು ಎಲ್ಲರ ಹೊಣೆಯೂ ಹೌದು.