ಪಾಠವನ್ನು ಸಾಗಿಸುವುದು, ಕೋರ್ಸನ್ನು ರೂಪಿಸುವುದು: ಗಡಿನಾಡ ಅಧ್ಯಾಪಕರ ಆನ್‌ಲೈನ್ ತರಬೇತಿ

2020ರ ಜೂನ್ 1ರಂದು ಕೇರಳದ ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ತರಗತಿಗಳು ಆರಂಭವಾದವು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಕನ್ನಡ ಪಾಠಗಳೂ ಸಿದ್ಧಗೊಂಡವು. ಶಾಲೆಗಳು ಮುಚ್ಚಿದ್ದ ಆ ದಿನಗಳಲ್ಲಿ ಇದು ಅಗತ್ಯವಾಗಿದ್ದ ಕೆಲಸ. ಆದರೆ ಇಂತಹ ಬೋಧನೆಯನ್ನು ಆನ್‌ಲೈನ್ ಶಿಕ್ಷಣವೆಂದು ಕರೆಯಬಹುದೇ ಎಂಬ ಪ್ರಶ್ನೆಯನ್ನು ಅದೇ ವರ್ಷದ ಮಾರ್ಚ್‌ನಲ್ಲಿಯೇ ಚಾರ್ಲ್ಸ್ ಹಾಜಸ್ ಮತ್ತು ಸಂಗಡಿಗರು ಎತ್ತಿದ್ದರು. ಬಿಕ್ಕಟ್ಟಿನ ಕಾಲದಲ್ಲಿ ತರಗತಿಯನ್ನು ಪರದೆಗೆ ಸಾಗಿಸುವುದನ್ನು ಅವರು ‘ತುರ್ತು ದೂರಬೋಧನೆ’ ಎಂದು ಪ್ರತ್ಯೇಕಿಸಿದರು. ಆನ್‌ಲೈನ್ ಕೋರ್ಸ್ ಎಂಬುದು ಮೊದಲಿನಿಂದಲೂ ಆ ಮಾಧ್ಯಮಕ್ಕೆಂದೇ ರೂಪುಗೊಂಡದ್ದು. ಅಧ್ಯಾಪಕರ ತರಬೇತಿ ಆರಂಭವಾಗಬೇಕಾದುದು ಈ ವ್ಯತ್ಯಾಸದಿಂದ.

ಕೋರ್ಸ್ ರೂಪಿಸುವವರಿಗೆ ಇಂದು ಹೆಚ್ಚಾಗಿ ಕಲಿಸುವ ಕ್ರಮ ‘ಹಿಮ್ಮುಖ ವಿನ್ಯಾಸ’. ಗ್ರಾಂಟ್ ವಿಗ್ಗಿನ್ಸ್ ಮತ್ತು ಜೇ ಮ್ಯಾಕ್‌ಟೈ 1998ರಲ್ಲಿ ಇದನ್ನು ವಿವರವಾಗಿ ಪ್ರತಿಪಾದಿಸಿದರು. ಅಧ್ಯಾಪಕರು ಸಾಮಾನ್ಯವಾಗಿ ‘ಏನನ್ನು ಪಾಠ ಮಾಡಬೇಕು’ ಎಂಬಲ್ಲಿಂದ ತೊಡಗುತ್ತಾರೆ. ಈ ಕ್ರಮದಲ್ಲಿ ಮೊದಲ ಪ್ರಶ್ನೆ, ಕೊನೆಯಲ್ಲಿ ವಿದ್ಯಾರ್ಥಿ ಏನನ್ನು ಮಾಡಬಲ್ಲವನಾಗಬೇಕು ಎಂಬುದು. ಎರಡನೆಯದು, ಅದನ್ನು ಅವನು ಸಾಧಿಸಿದ್ದಾನೆಂದು ಯಾವುದರಿಂದ ತಿಳಿಯಬೇಕು ಎಂಬುದು. ಪಾಠದ ವಸ್ತು ಮತ್ತು ಚಟುವಟಿಕೆಗಳ ಆಯ್ಕೆ ಇವೆರಡರ ನಂತರ.

ಕನ್ನಡ ಸಂಧಿ ಪ್ರಕರಣವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ‘ಸಂಧಿಯ ವಿಧಗಳನ್ನು ತಿಳಿಯುವುದು’ ಎಂಬುದು ವಿನ್ಯಾಸಕ್ಕೆ ಒದಗುವ ಗುರಿಯಲ್ಲ. ‘ಮೊದಲು ಓದಿರದ ಒಂದು ಗದ್ಯಖಂಡದಲ್ಲಿ ಸಂಧಿಪದಗಳನ್ನು ಗುರುತಿಸಿ, ಬಿಡಿಸಿ, ಆಗಿರುವ ಬದಲಾವಣೆಯನ್ನು ವಿವರಿಸುವುದು’ ಎಂದಾಗ ಮೌಲ್ಯಮಾಪನದ ರೂಪವೂ ಪಾಠದ ಕ್ರಮವೂ ಅದರಿಂದಲೇ ಹೊರಡುತ್ತವೆ.

ಗಡಿನಾಡಿನಲ್ಲಿ ಇದಕ್ಕೆ ಮೂರನೆಯ ಪ್ರಶ್ನೆಯೊಂದು ಸೇರುತ್ತದೆ: ಕಲಿಯುವವನು ಯಾವ ಎರಡನೆಯ ಭಾಷೆಯೊಂದಿಗೆ ಬಂದಿದ್ದಾನೆ? ಕಾಸರಗೋಡಿನ ವಿದ್ಯಾರ್ಥಿ ಮಲಯಾಳ ವ್ಯಾಕರಣವನ್ನೂ ಓದಿದ್ದರೆ ಲೋಪ, ಆಗಮ, ಆದೇಶ ಎಂಬ ಹೆಸರುಗಳು ಅವನಿಗೆ ಹೊಸವಲ್ಲ; ಎ.ಆರ್. ರಾಜರಾಜವರ್ಮರ ‘ಕೇರಳಪಾಣಿನೀಯಂ’ ಇವುಗಳೊಂದಿಗೆ ದ್ವಿತ್ವವನ್ನೂ ಹೇಳುತ್ತದೆ. ಹೆಸರು ಒಂದೇ ಆದರೂ ಫಲ ಬೇರೆಯಾಗಬಹುದು. ಕನ್ನಡದಲ್ಲಿ ಮಳೆ ಮತ್ತು ಕಾಲ ಸೇರಿದಾಗ ಕಕಾರಕ್ಕೆ ಗಕಾರ ಆದೇಶವಾಗಿ ‘ಮಳೆಗಾಲ’ ಆಗುತ್ತದೆ. ಮಲಯಾಳದಲ್ಲಿ ಅದೇ ಕಕಾರ ಇಮ್ಮಡಿಸಿ ‘ಮೞಕ್ಕಾಲಂ’ ಆಗುತ್ತದೆ. ತಾಳವಾಡಿಯ ವಿದ್ಯಾರ್ಥಿ ತಮಿಳಿನ ‘ಮೞೈಕ್ಕಾಲಂ’ನಲ್ಲಿಯೂ ಈ ಇಮ್ಮಡಿಯನ್ನೇ ಕಾಣುತ್ತಾನೆ. ಅಕ್ಕಲಕೋಟೆ ಅಥವಾ ಜತ್ತದ ವಿದ್ಯಾರ್ಥಿಯ ಸ್ಥಿತಿ ಬೇರೆ. ಮರಾಠಿ ವ್ಯಾಕರಣವು ಸಂಧಿಯನ್ನು ಸ್ವರ, ವ್ಯಂಜನ, ವಿಸರ್ಗ ಎಂಬ ಸಂಸ್ಕೃತದ ಕ್ರಮದಲ್ಲಿ ಕಲಿಸುವುದರಿಂದ ‘ಸೂರ್ಯೋದಯ’ವನ್ನು ಬಿಡಿಸುವುದು ಅವನಿಗೆ ಸುಲಭ, ‘ಮನೆಯನ್ನು’ ಎಂಬಲ್ಲಿಯ ಯಕಾರಾಗಮಕ್ಕೆ ಹೆಚ್ಚಿನ ವಿವರಣೆ ಬೇಕು. ಗುರಿ ಒಂದೇ, ದಾರಿಗಳು ಮೂರು. ಬೇರೆಡೆ ಸಿದ್ಧವಾದ ಕೋರ್ಸನ್ನು ಅನುವಾದಿಸಿದಾಗ ಭಾಷೆ ಕನ್ನಡವಾದೀತು, ಈ ದಾರಿಗಳು ಮಾತ್ರ ಹುಟ್ಟುವುದಿಲ್ಲ.

ಭಾರತದ ‘ಸ್ವಯಂ’ ವೇದಿಕೆಯ ಕೋರ್ಸುಗಳು ನಾಲ್ಕು ಅಂಗಗಳ ಚೌಕಟ್ಟನ್ನು ಅನುಸರಿಸುತ್ತವೆ: ವಿಡಿಯೋ ಪಾಠ, ಓದುವ ಸಾಮಗ್ರಿ, ಸ್ವಮೌಲ್ಯಮಾಪನ, ಚರ್ಚೆ. ತರಬೇತಿಗಳಲ್ಲಿ ಹೆಚ್ಚು ಸಮಯವನ್ನು ಕಬಳಿಸುವುದು ಮೊದಲನೆಯದೇ. ಫಿಲಿಪ್ ಗುವೊ ಮತ್ತು ಸಂಗಡಿಗರು 2014ರಲ್ಲಿ ಎಡ್‌ಎಕ್ಸ್ ವೇದಿಕೆಯ 69 ಲಕ್ಷ ವೀಕ್ಷಣಾವಧಿಗಳನ್ನು ಪರಿಶೀಲಿಸಿದಾಗ, ವಿಡಿಯೋ ಎಷ್ಟೇ ದೀರ್ಘವಾಗಿದ್ದರೂ ವೀಕ್ಷಣೆಯ ಮಧ್ಯಾಂಕ ಸುಮಾರು 6 ನಿಮಿಷವನ್ನು ಮೀರಿರಲಿಲ್ಲ. ಆದ್ದರಿಂದ ಒಂದು ಗಂಟೆಯ ಉಪನ್ಯಾಸವನ್ನು ಹಾಗೆಯೇ ಚಿತ್ರೀಕರಿಸುವ ಬದಲು, ಒಂದು ವಿಡಿಯೋಗೆ ಒಂದೇ ಪರಿಕಲ್ಪನೆ ಎಂಬ ಮಿತಿಯನ್ನು ಅಭ್ಯಾಸ ಮಾಡಿಸುವುದು ಲೇಸು.

ದ್ವಿಭಾಷಿಕ ಕಲಿಕೆಯ ದೃಷ್ಟಿಯಿಂದ ಉಳಿದ ಅಂಗಗಳಿಗೇ ಹೆಚ್ಚಿನ ಮಹತ್ವವಿದೆ. ಸ್ವಮೌಲ್ಯಮಾಪನದ ಪ್ರಶ್ನೆಯಲ್ಲಿ ಪ್ರತಿಯೊಂದು ತಪ್ಪು ಆಯ್ಕೆಯೂ ಕಲಿಯುವವನ ಒಂದು ಸಂಭಾವ್ಯ ತರ್ಕವನ್ನು ಪ್ರತಿನಿಧಿಸಬೇಕು. ‘ಮಳೆಕ್ಕಾಲ’ ಎಂಬುದನ್ನು ಆರಿಸಿದವನಿಗೆ ‘ತಪ್ಪು’ ಎಂದಷ್ಟೇ ತೋರಿಸಿದರೆ ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಇಮ್ಮಡಿಸುವಿಕೆ ನೆರೆಯ ಭಾಷೆಯ ನಿಯಮವೆಂದೂ, ಕನ್ನಡ ಇಲ್ಲಿ ಬೇರೆ ನಿಯಮವನ್ನು ಅನುಸರಿಸುತ್ತದೆಂದೂ ಹಿಮ್ಮಾಹಿತಿ ವಿವರಿಸಿದರೆ ಅವನ ಇನ್ನೊಂದು ಭಾಷೆ ತೊಡಕಾಗದೆ ಆಧಾರವಾಗುತ್ತದೆ. ಚರ್ಚೆಯಲ್ಲಿ ಮಲಯಾಳ, ಮರಾಠಿ, ತಮಿಳು ಉದಾಹರಣೆಗಳನ್ನು ತರಲು ವಿದ್ಯಾರ್ಥಿಗಳಿಗೆ ಅವಕಾಶವಿದ್ದರೆ ಒಂದು ಗಡಿಯ ಅನುಭವ ಇನ್ನೊಂದು ಗಡಿಗೂ ತಲುಪುತ್ತದೆ.

ಇಂತಹ ಚರ್ಚೆಯನ್ನು ನಡೆಸುವುದೂ ಕಲಿಯಬೇಕಾದ ವಿದ್ಯೆ. ಗಿಲಿ ಸ್ಯಾಮನ್ ಅವರು 2000ದಲ್ಲಿ ಮಂಡಿಸಿದ ಐದು ಹಂತಗಳ ಮಾದರಿ ಪ್ರವೇಶ ಮತ್ತು ಪ್ರೇರಣೆ, ಪರಸ್ಪರ ಪರಿಚಯ, ಮಾಹಿತಿ ವಿನಿಮಯ, ಜ್ಞಾನನಿರ್ಮಾಣ, ಸ್ವಂತ ಬೆಳವಣಿಗೆ ಎಂದು ಸಾಗುತ್ತದೆ. ಆನ್‌ಲೈನಿನಲ್ಲಿ ಕಲಿಸಬೇಕಾದವರು ಆನ್‌ಲೈನಿನಲ್ಲಿಯೇ ತರಬೇತಿ ಪಡೆಯಬೇಕೆಂಬುದು ಅವರ ಒತ್ತಾಯ. ಉತ್ತರ ಬಾರದ ಪ್ರಶ್ನೆಯ ಬೇಸರವನ್ನೂ, ತಡವಾಗಿ ಬಂದ ಹಿಮ್ಮಾಹಿತಿಯ ನಿಷ್ಫಲತೆಯನ್ನೂ ಕಲಿಯುವವರಾಗಿ ಅನುಭವಿಸಿದವರು ತಮ್ಮ ಕೋರ್ಸಿನಲ್ಲಿ ಅವುಗಳಿಗೆ ಎಡೆಗೊಡಲಾರರು. 2020ರಲ್ಲಿ ‘ದೀಕ್ಷಾ’ ವೇದಿಕೆಗೆ ಬಂದ ‘ನಿಷ್ಠಾ’ ತರಬೇತಿ 18 ಘಟಕಗಳ ಮೂಲಕ ಶಿಕ್ಷಕರಿಗೆ ಆನ್‌ಲೈನ್ ಕಲಿಕೆಯ ಪರಿಚಯ ಮಾಡಿಸಿತು. ಆದರೆ ಕೋರ್ಸೊಂದನ್ನು ಮುಗಿಸುವುದು ಮತ್ತು ಕೋರ್ಸೊಂದನ್ನು ರೂಪಿಸುವುದು ಒಂದೇ ಸಾಮರ್ಥ್ಯವಲ್ಲ.

ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಬೋಧನೆಯ ಸೌಲಭ್ಯ ಒದಗಿಸಬೇಕೆನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಅಧ್ಯಾಪಕರೇ ಉತ್ತಮ ಆನ್‌ಲೈನ್ ಸಾಮಗ್ರಿಯ ನಿರ್ಮಾಪಕರಾಗಲು ತರಬೇತಿ ಬೇಕೆಂದು ಹೇಳುತ್ತದೆ. ಇವೆರಡನ್ನೂ ಒಟ್ಟಿಗೆ ಓದಿದಾಗ ಗಡಿನಾಡ ಅಧ್ಯಾಪಕರಿಗೆ ಕನ್ನಡದಲ್ಲಿ ವಿನ್ಯಾಸ ತರಬೇತಿ ಸಿಗಬೇಕಾದುದು ನ್ಯಾಯವೆಂದು ತೋರುತ್ತದೆ. ಒಂದು ತಾಲ್ಲೂಕಿನ ಕನ್ನಡ ವಿದ್ಯಾರ್ಥಿಗಳ ಸಂಖ್ಯೆಯನ್ನಷ್ಟೇ ನೋಡಿದರೆ ಪ್ರತ್ಯೇಕ ಕೋರ್ಸ್ ದುಬಾರಿ ಎನಿಸಬಹುದು. ಆದರೆ ಕಾಸರಗೋಡು, ತಾಳವಾಡಿ, ಅಕ್ಕಲಕೋಟೆಗಳ ಒಬ್ಬೊಬ್ಬ ಅಧ್ಯಾಪಕರು ಒಂದು ತಂಡವಾಗಿ ಸಂಧಿಯಂತಹ ಒಂದೇ ಘಟಕವನ್ನು ಸಾಮಾನ್ಯ ಗುರಿ ಮತ್ತು ಮೂರು ದಾರಿಗಳೊಂದಿಗೆ ರೂಪಿಸಿ, ಮುಕ್ತ ಪರವಾನಗಿಯಲ್ಲಿ ಹಂಚಿಕೊಂಡರೆ, ಮಡಕಶಿರಾದ ಅಧ್ಯಾಪಕರು ತೆಲುಗಿನ ನಾಲ್ಕನೆಯ ದಾರಿಯನ್ನು ಅದಕ್ಕೆ ಸೇರಿಸಬಲ್ಲರು. ತರಬೇತಿಯ ಆರಂಭಕ್ಕೆ ಅಂತಹ ಒಂದು ಘಟಕ ಸಾಕು.