ಟ್ಯಾಂಕ್ ಹೊತ್ತ ವ್ಯಾಗನ್ನಿಗೆ ತಕ್ಕ ಹಳಿ

ಎರಡನೆಯ ಮಹಾಯುದ್ಧ ಶುರುವಾದಾಗ ಬ್ರಿಟನ್ನಿನ ಟ್ಯಾಂಕುಗಳ ಮೈ ಕಿರಿದಾಗಿತ್ತು. ಆ ಮೈಮೇಲೆ ದೊಡ್ಡ ತೋಪು ಕೂರಿಸಲು ಅಲ್ಲಿನ ಎಂಜಿನಿಯರುಗಳು ಪಡಬಾರದ ಪಾಡು ಪಟ್ಟರು. ಇದಕ್ಕೆ ಒಂದು ಮುಖ್ಯ ಕಾರಣ ರೈಲು. ಟ್ಯಾಂಕು ರೈಲಿನಲ್ಲೇ ಬಂದರಿಗೆ ಹೋಗಬೇಕು, ರೈಲಿನ ದಾರಿಯಲ್ಲಿರುವ ಸುರಂಗ, ಸೇತುವೆ, ಪ್ಲಾಟ್‌ಫಾರ್ಮುಗಳೆಲ್ಲ ಹತ್ತೊಂಬತ್ತನೆಯ ಶತಮಾನದ ಇಕ್ಕಟ್ಟಿನವು. ಹೀಗಾಗಿ ಯುದ್ಧಭೂಮಿಯ ಯಂತ್ರದ ಅಗಲವನ್ನು ಹಳೆಯ ಕಲ್ಲಿನ ಕಮಾನುಗಳು ನಿರ್ಧರಿಸಿದವು. ಜರ್ಮನ್ನರಿಗೂ ಇದೇ ಕಷ್ಟ ಬಂತು. ಟೈಗರ್ ಟ್ಯಾಂಕಿನ ಗಾಲಿಗಳನ್ನು ಸುತ್ತುವ ಯುದ್ಧದ ಪಟ್ಟಿ 725 ಮಿ.ಮೀ. ಅಗಲ, ರೈಲು ಹತ್ತಿಸುವ ಮೊದಲು ಅದನ್ನು ಬಿಚ್ಚಿ 520 ಮಿ.ಮೀ. ಅಗಲದ ಬೇರೆ ಪಟ್ಟಿ ಹಾಕಬೇಕಿತ್ತು, ಇಳಿಸಿದ ಮೇಲೆ ಮತ್ತೆ ಬದಲಿಸಬೇಕಿತ್ತು. ಟೈಗರಿನ ಭಾರಕ್ಕೆ ನಾಲ್ಕು ಅಚ್ಚಿನ ವ್ಯಾಗನ್ ಸಾಲದೆ ಆರು ಅಚ್ಚಿನದನ್ನು ಬಳಸಿದರು. ಅಮೆರಿಕದ ಶೆರ್ಮನ್ ಟ್ಯಾಂಕಿನ ತೊಡಕು ಬೇರೆ: ಅದರ ಎತ್ತರ ಸುಮಾರು 2.74 ಮೀಟರ್. ಸಮತಟ್ಟಾದ ವ್ಯಾಗನ್ ಮೇಲೆ ನಿಲ್ಲಿಸಿದರೆ ತಲೆ ಕಮಾನಿಗೆ ತಗಲುತ್ತದೆ. ಆದ್ದರಿಂದ ನಡುಭಾಗವನ್ನು ಗಾಲಿಗಳ ನಡುವೆ ಕೆಳಗೆ ತಗ್ಗಿಸಿದ, 50 ಟನ್ ಹೊರುವ ‘ವಾರ್‌ವೆಲ್’ ವ್ಯಾಗನ್ ಹುಟ್ಟಿತು.

ಸೇನೆಯ ವ್ಯಾಗನ್ನನ್ನು ಚಿಕ್ಕದಾಗಿ, ಅಳತೆಗೆ ತಪ್ಪದಂತೆ ಮಾಡಬೇಕೆನ್ನುವವರು ಹೊರಡಬೇಕಾದದ್ದು ಇಲ್ಲಿಂದ. ಅಕ್ಕಿ, ಕಲ್ಲಿದ್ದಲು ಸಾಗಿಸುವ ಸಾಮಾನ್ಯ ಗೂಡ್ಸ್ ವ್ಯಾಗನ್ ತನ್ನ ಹೊರೆಯನ್ನು ತನ್ನ ಅಳತೆಗೆ ಒಗ್ಗಿಸಿಕೊಳ್ಳುತ್ತದೆ, ಏಕೆಂದರೆ ಧಾನ್ಯ ಪೆಟ್ಟಿಗೆಯ ಆಕಾರ ತಾಳುತ್ತದೆ. ಸೇನಾ ವ್ಯಾಗನ್ನಿಗೆ ಆ ಅನುಕೂಲವಿಲ್ಲ. ಮೇಲೆ ಬಗ್ಗದ ಹೊರೆ, ಕೆಳಗೆ ಬದಲಾಗದ ದಾರಿ, ಎರಡರ ನಡುವೆ ಉಳಿದ ಜಾಗದಲ್ಲಿ ಅದು ರೂಪುಗೊಳ್ಳುತ್ತದೆ. ಹಾಗಾಗಿ ಅದರ ಮಾದರಿಯಲ್ಲಿ ಬಣ್ಣ, ಅಕ್ಷರ, ರಿವೆಟ್ಟುಗಳ ನಿಖರತೆ ಎರಡನೆಯ ಮಾತು. ಹೊರೆಯ ಅಗಲ, ನೆಲಹಾಸಿನ ಎತ್ತರ, ಹಳಿಯ ಅಂತರ, ಈ ಮೂರರ ಪರಸ್ಪರ ಪ್ರಮಾಣ ಮೊದಲು ಸರಿಯಾಗಬೇಕು. ಇದನ್ನು ಒಪ್ಪಿದರೆ, ಭಾರತದ ಬ್ರಾಡ್ ಗೇಜ್ ಸೇನಾ ವ್ಯಾಗನ್ನುಗಳನ್ನು ಮಾಡುವವರು ಜಗತ್ತಿನ ಮಾದರಿ ರೈಲಿನ ಮಾರುಕಟ್ಟೆ ಒಪ್ಪಿಕೊಂಡಿರುವ ಪ್ರಮಾಣಗಳನ್ನು ಬಿಟ್ಟು 1:100ಕ್ಕೆ ಬರಬೇಕು ಎಂಬುದು ನನ್ನ ವಾದ.

ವಾರ್‌ವೆಲ್ಲಿನ ಮಾದರಿ ಹೇಗೆ ಬಂತೆಂಬುದು ಈ ವಾದಕ್ಕೆ ಒಳ್ಳೆಯ ಸಾಕ್ಷಿ. ಯುದ್ಧದ ನಡುವೆ, 1940ರ ದಶಕದಲ್ಲಿ ತಯಾರಾದ ಈ ವ್ಯಾಗನ್ನುಗಳು ಯುದ್ಧ ಮುಗಿದ ಮೇಲೂ ದಶಕಗಳ ಕಾಲ ಬ್ರಿಟಿಷ್ ಸೇನೆಯ ಕೈಯಲ್ಲಿ ಉಳಿದವು. ವೇಗ ಹೆಚ್ಚಿಸಲು ಅವುಗಳ ಗಾಲಿ ಚೌಕಟ್ಟನ್ನೇ ಬದಲಿಸಲಾಯಿತು. ಮೇಲಿನ ಮೈ ಅದೇ, ಕಾಲು ಮಾತ್ರ ಬೇರೆ. ಲಿವರ್‌ಪೂಲ್ ಕಡೆಯ ಹ್ಯಾಟನ್ಸ್ ಕಂಪನಿ ಕೆಲವು ವರ್ಷಗಳ ಹಿಂದೆ ಇದರ ಮಾದರಿ ತಂದಾಗ ಎರಡು ಬಗೆಯ ಗಾಲಿ ಚೌಕಟ್ಟುಗಳನ್ನೂ ಬೇರೆ ಬೇರೆಯಾಗಿ ಮಾಡಬೇಕಾಯಿತು. ಒಂದು ಯುದ್ಧಕಾಲದ್ದು, ಇನ್ನೊಂದು ನಂತರದ್ದು. ವ್ಯಾಗನ್ನಿನ ತುದಿಗಳಲ್ಲಿರುವ ಜಾಕ್‌ಗಳೂ ಅಷ್ಟೇ ಮುಖ್ಯ. ಟ್ಯಾಂಕು ತುದಿಯಿಂದ ಹತ್ತುವಾಗ ವ್ಯಾಗನ್ ಒಂದು ಕಡೆಗೆ ಕುಸಿದು ಮತ್ತೊಂದು ತುದಿ ಮೇಲೇಳದಂತೆ ಅವು ತಡೆಯುತ್ತವೆ. ಅಲಂಕಾರವೆಂದು ಅವನ್ನು ಬಿಟ್ಟರೆ ಆ ವ್ಯಾಗನ್ ಹೇಗೆ ಕೆಲಸ ಮಾಡುತ್ತಿತ್ತೆಂಬುದೇ ಮರೆಯಾಗುತ್ತದೆ. ಆದರೆ ಇಷ್ಟು ಶ್ರದ್ಧೆಯ ಮಾದರಿಯೂ ತಪ್ಪು ಹಳಿಯ ಮೇಲೆ ಓಡುತ್ತದೆ. ಬ್ರಿಟನ್ನಿನಲ್ಲಿ ರೂಢಿಯಾದ ಪ್ರಮಾಣ 1:76.2, ಹಳಿಯ ಅಂತರ 16.5 ಮಿ.ಮೀ. ಗುಣಿಸಿದರೆ 1,257 ಮಿ.ಮೀ. ಬರುತ್ತದೆ, ನಿಜವಾದ ಹಳಿ 1,435. ಸುಮಾರು 18 ಸೆಂ.ಮೀ. ಕೊರತೆ. ಇದನ್ನು ಸಹಿಸಲಾರದವರು 18.83 ಮಿ.ಮೀ. ಹಳಿಯನ್ನು ತಾವೇ ಹಾಕಿಕೊಳ್ಳುತ್ತಾರೆ. ಉಳಿದವರು ಅಭ್ಯಾಸ ಮಾಡಿಕೊಂಡಿದ್ದಾರೆ.

ನಮ್ಮ ಬ್ರಾಡ್ ಗೇಜ್ 1,676 ಮಿ.ಮೀ. ಯುರೋಪಿನಲ್ಲಿ ಹೆಚ್ಚು ಬಳಕೆಯಲ್ಲಿರುವ 1:87 ಪ್ರಮಾಣದಲ್ಲಿ ಅದು 19.3 ಮಿ.ಮೀ. ಆಗಬೇಕು. ಅಂಗಡಿಯಲ್ಲಿ ಸಿಗುವ ಹಳಿ 16.5. ಈ ಹಳಿಯ ಮೇಲೆ ಭಾರತದ ಪ್ರಯಾಣಿಕರ ಗಾಡಿ ಕೂಡ ಸ್ವಲ್ಪ ಕಿರಿದಾದ ಕಾಲಿನ ಮೇಲೆ ನಿಂತಂತೆ ಕಾಣುತ್ತದೆ, ಕಣ್ಣು ಕ್ಷಮಿಸುತ್ತದೆ. ಟ್ಯಾಂಕ್ ಹೊತ್ತ ವ್ಯಾಗನ್ನನ್ನು ಕಣ್ಣು ಕ್ಷಮಿಸುವುದಿಲ್ಲ. ಚೆನ್ನೈ ಬಳಿಯ ಆವಡಿಯಲ್ಲಿ ತಯಾರಾದ ನಮ್ಮ ಮೊದಲ ಟ್ಯಾಂಕ್ ವಿಜಯಂತ ಸುಮಾರು 3.17 ಮೀಟರ್ ಅಗಲ. ಭಾರತೀಯ ರೈಲ್ವೆಯ ಬ್ರಾಡ್ ಗೇಜ್ ದಾರಿಯಲ್ಲಿ ವಾಹನವೊಂದಕ್ಕೆ ಸಾಮಾನ್ಯವಾಗಿ ಬಿಟ್ಟಿರುವ ಅಗಲ 3.25 ಮೀಟರ್, ಅದರೊಳಗೆ ವಿಜಯಂತ ಹಿಡಿಯಿತು. ಪಕ್ಕದ ಹೊದಿಕೆ ಸೇರಿ ಆಮೇಲೆ ಬಂದ ಟಿ-72 ಟ್ಯಾಂಕಿನ ಅಗಲ 3.59 ಮೀಟರ್, ಅಂದರೆ ಎರಡೂ ಬದಿ 17 ಸೆಂ.ಮೀ. ಮಿತಿ ಮೀರುತ್ತದೆ. ಹಾಗೆ ಮಿತಿ ಮೀರಿದ ಸರಕಿಗೆ ವಿಶೇಷ ಅನುಮತಿ ಬೇಕು, ವೇಗಕ್ಕೂ ಪಕ್ಕದ ಹಳಿಯ ಸಂಚಾರಕ್ಕೂ ನಿರ್ಬಂಧ ಬೀಳುತ್ತದೆ. ಹಳಿಯ ಅಗಲಕ್ಕೆ ಹೋಲಿಸಿದರೆ ನಿಜದ ಟಿ-72 ಸುಮಾರು 2.14 ಪಟ್ಟು ಅಗಲ. 1:87ರ ಟ್ಯಾಂಕನ್ನು 16.5ರ ಹಳಿಯ ಮೇಲೆ ನಿಲ್ಲಿಸಿದರೆ ಅದು 2.5 ಪಟ್ಟಾಗುತ್ತದೆ. ಇನ್ನೇನು ಮಗುಚುತ್ತದೆ ಎಂಬ ಭಾವ ಬರುತ್ತದೆ. ಇಡೀ ವ್ಯಾಗನ್ನಿನ ಅರ್ಥವಿರುವುದೇ ಆ ಹೊರಚಾಚಿನಲ್ಲಿ, ಅದೇ ಸುಳ್ಳಾಗುತ್ತದೆ.

1:100ರಲ್ಲಿ ಲೆಕ್ಕ ತಾನಾಗಿ ಕೂಡಿಕೊಳ್ಳುತ್ತದೆ. ಬ್ರಾಡ್ ಗೇಜ್ 16.76 ಮಿ.ಮೀ.; ಅಂಗಡಿಯ 16.5ಕ್ಕೂ ಇದಕ್ಕೂ ನೂರಕ್ಕೆ ಎರಡರಷ್ಟೂ ವ್ಯತ್ಯಾಸವಿಲ್ಲ. ಟಿ-72 ಸುಮಾರು 36 ಮಿ.ಮೀ. ಅಗಲ, ದಾರಿಯ ಮಿತಿ 32.5. ಒಂದು ಮೀಟರ್ ಎಂದರೆ ಸ್ಕೇಲಿನ ಮೇಲೆ ಒಂದು ಸೆಂಟಿಮೀಟರ್. ಮೈಸೂರು ಜಿಲ್ಲೆಯ ಕೆ.ಆರ್. ನಗರದ ಹೈಸ್ಕೂಲಿನ ಹುಡುಗಿಯೊಬ್ಬಳು ಯಾರ ನೆರವೂ ಇಲ್ಲದೆ ಈ ಲೆಕ್ಕ ಮಾಡಬಲ್ಲಳು. ಇನ್ನೊಂದು ಅನುಕೂಲವೂ ಇದೆ: ಮೇಜಿನ ಮೇಲೆ ಯುದ್ಧದಾಟ ಆಡುವವರಿಗಾಗಿ ಇದೇ ಪ್ರಮಾಣದಲ್ಲಿ ಟಿ-72ರಂತಹ ಟ್ಯಾಂಕುಗಳು ಆಗಲೇ ಮಾರುಕಟ್ಟೆಯಲ್ಲಿವೆ. ವ್ಯಾಗನ್ ಮಾಡಿದರೆ ಸಾಕು, ಹೊರೆ ಸಿದ್ಧವಿದೆ.

ಹೀಗೆ ಮಾಡಿದರೆ ಉಳಿದವರ ರೈಲಿನೊಂದಿಗೆ ನಮ್ಮದನ್ನು ಜೋಡಿಸಲಾಗದು, 1:87ರ ಎಂಜಿನ್ ಪಕ್ಕದಲ್ಲಿ ನಮ್ಮ ವ್ಯಾಗನ್ ಕುಳ್ಳಗೆ ಕಾಣುತ್ತದೆ ಎಂಬುದು ಇದಕ್ಕೆ ಬರುವ ಮೊದಲ ಆಕ್ಷೇಪ, ಗಟ್ಟಿಯಾದದ್ದು ಕೂಡ. ಸಂತೋಷಕ್ಕಾಗಿ ರೈಲು ಓಡಿಸುವವರಿಗೆ ಆ ನಷ್ಟ ದೊಡ್ಡದು, ಅವರು 1:87ರಲ್ಲೇ ಮುಂದುವರಿಯಲಿ. ಆದರೆ ದಾಖಲೆಯಾಗಿ ನಿಲ್ಲುವ ಮಾದರಿಗೆ ಜೊತೆಗಾರರಿಗಿಂತ ಮೂಲ ಮುಖ್ಯ. ಇಷ್ಟು ಚಿಕ್ಕದರಲ್ಲಿ ನಿಖರತೆ ಹೇಗೂ ಅಸಾಧ್ಯ, ಗಾಲಿಯ ಅಂಚನ್ನಾದರೂ ದಪ್ಪ ಮಾಡಲೇಬೇಕಲ್ಲ ಎನ್ನುವವರೂ ಇದ್ದಾರೆ. ನಿಜ, ಮಾಡಲೇಬೇಕು, ಇಲ್ಲವಾದರೆ ತಿರುವಿನಲ್ಲಿ ವ್ಯಾಗನ್ ಹಳಿ ತಪ್ಪುತ್ತದೆ. ಏನನ್ನು ಬಿಟ್ಟುಕೊಡುತ್ತೇವೆ ಎಂಬುದನ್ನು ನಾವೇ ಆರಿಸಬೇಕು. ಗಾಲಿಯ ಅಂಚು ದಪ್ಪವಾದರೆ ವ್ಯಾಗನ್ನಿನ ಕಥೆ ಕೆಡುವುದಿಲ್ಲ. ಹಳಿ ಕಿರಿದಾದರೆ ಕೆಡುತ್ತದೆ.

ತೂಕದ ಲೆಕ್ಕವೂ ಆಕಾರದಲ್ಲಿ ಕಾಣಬೇಕು. ನಮ್ಮಲ್ಲಿ ಬಹುಕಾಲ ಒಂದು ಅಚ್ಚಿಗೆ 20.3 ಟನ್ ಮಿತಿಯಿತ್ತು. ನಾಲ್ಕು ಅಚ್ಚಿಗೆ 81 ಟನ್ ಚಿಲ್ಲರೆ. ಅರ್ಜುನ್ ಟ್ಯಾಂಕಿನ ಮೊದಲ ರೂಪ 58.5 ಟನ್. ಇದನ್ನು ಕಳೆದರೆ ವ್ಯಾಗನ್ನಿನ ಸ್ವಂತ ತೂಕಕ್ಕೆ ಉಳಿಯುವುದು 23 ಟನ್ನಿಗಿಂತ ಕಡಿಮೆ. ಇಷ್ಟರಲ್ಲೇ ನಡು ಬಗ್ಗದಂತೆ ತೊಲೆಗಳನ್ನು ಜೋಡಿಸಬೇಕು. ಅರ್ಜುನ್‌ಗೆಂದೇ ಬೇರೆ ವ್ಯಾಗನ್ ಬೇಕಾದದ್ದು ಈ ಕಾರಣಕ್ಕೆ, ಜೊತೆಗೆ ಅದರ ಅಗಲ 3.8 ಮೀಟರ್ ದಾಟುವ ಕಾರಣಕ್ಕೆ. ಫೋಟೋ ನೋಡಿ ಪಕ್ಕದ ತೊಲೆಯನ್ನು ಅಂದಾಜಿಗೆ ಗೀಚಿದವರಿಗೆ ಈ ಇಕ್ಕಟ್ಟು ತಿಳಿಯುವುದಿಲ್ಲ.

ಈ ಮಾತನ್ನು ನಾನು ಮುಖ್ಯವಾಗಿ ಹೇಳುತ್ತಿರುವುದು ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳವರಿಗೆ. ಅವರಿಗೇ ಏಕೆ ಎಂದು ಕೇಳಬಹುದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳಲ್ಲಿ ಇಂದಿಗೂ ರೈಲು ಹಳಿಯಿಲ್ಲ. ಹುಣಸೂರು, ಪಿರಿಯಾಪಟ್ಟಣದ ಮೇಲೆ ಕುಶಾಲನಗರಕ್ಕೆ ಹೋಗಬೇಕಾದ ಮಾರ್ಗ ಯೋಜನೆಯಾಗಿಯೇ ಇದೆ. ಆದರೆ ಸೇನೆಗಾಗಿ ಬಂಡಿ ಕಟ್ಟಿದ ಚರಿತ್ರೆ ಇಲ್ಲಿನದು. ಟಿಪ್ಪು ಮಡಿದ 1799ರ ನಂತರ, ಸೇನೆಗೆಂದೇ ಸಾಕಿದ ಅಮೃತ ಮಹಲ್ ದನಗಳು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋದವು. ತೋಪಿನ ಗಾಡಿ, ಸರಂಜಾಮು ಎಳೆಯಲು ಅವಕ್ಕೆ ಸಮನಾದ ಎತ್ತುಗಳಿರಲಿಲ್ಲ. ಹುಣಸೂರು ಆ ವ್ಯವಸ್ಥೆಯ ಕೇಂದ್ರವಾಯಿತು. ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿಯ ಕಾರ್ಖಾನೆ, ಮರದ ಅಡ್ಡೆ ಲಕ್ಷ್ಮಣತೀರ್ಥದ ದಡದ ಈ ಊರಿಗೆ ಬಂದವು. ಸರ್ಕಾರ ಅವನ್ನು ಮುಚ್ಚಿದ ಮೇಲೂ ಕಲಿತ ಕೈಗಳು ಇಲ್ಲೇ ಉಳಿದವು. ಹುಣಸೂರಿನ ಎತ್ತಿನ ಗಾಡಿಗೆ ಹೆಸರು ಬಂದದ್ದು ಹೀಗೆ, ಇದನ್ನು ಬಿ.ಎಲ್. ರೈಸರ ಮೈಸೂರು ಗೆಜೆಟಿಯರ್ ಗುರುತಿಸಿದೆ. ಸೇನೆಯ ಬೇಡಿಕೆ ಒಂದೂರಿನ ಬಡಗಿಗಳ ಅಳತೆಯನ್ನು ತಿದ್ದಿ, ಆಮೇಲೆ ರೈತನ ಅಂಗಳಕ್ಕೆ ಇಳಿದ ಕಥೆಯಿದು. ಈಗಿನ ಸೇನಾ ವ್ಯಾಗನ್ನುಗಳ ಕಥೆಯೂ ಕರ್ನಾಟಕದಿಂದ ದೂರವಿಲ್ಲ: ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಶುರುವಾದ ರೈಲು ಗಾಡಿಗಳ ತಯಾರಿಕೆ 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್‌ಗೆ ಬಂತು, ಅಲ್ಲಿಂದ ಸೇನೆಗೂ ವ್ಯಾಗನ್ನುಗಳು ಹೋಗಿವೆ.

ಕೆ.ಆರ್. ನಗರದ ವಿಷಯ ಬೇರೆ, ಅಲ್ಲಿ ರೈಲು ಹಳಿಯಿದೆ. ಮೈಸೂರು–ಅರಸೀಕೆರೆ ಮಾರ್ಗ ಮೀಟರ್ ಗೇಜ್ ಆಗಿ ಹುಟ್ಟಿ, 1990ರ ದಶಕದಲ್ಲಿ ಹಾಸನದವರೆಗೆ ಬ್ರಾಡ್ ಗೇಜ್ ಆಯಿತು. ಭಾರತದ ಮೀಟರ್ ಗೇಜಿಗೆ ಸೇನೆಯ ಚರಿತ್ರೆ ದೊಡ್ಡದೇ ಇದೆ. ಮೊದಲ ಮಹಾಯುದ್ಧದಲ್ಲಿ ಇಲ್ಲಿನ ಮೀಟರ್ ಗೇಜ್ ಎಂಜಿನ್ನು, ವ್ಯಾಗನ್ನುಗಳು ಹಡಗೇರಿ ಮೆಸೊಪೊಟೇಮಿಯಾಕ್ಕೆ ಹೋದವು. ಎರಡನೆಯದರಲ್ಲಿ, 1944ರಿಂದ, ಅಸ್ಸಾಮಿನ ಮೀಟರ್ ಗೇಜ್ ಮಾರ್ಗವನ್ನು ಅಮೆರಿಕದ ಸೇನೆಯೇ ನಡೆಸಿತು. ಆ ವ್ಯಾಗನ್ ಮಾಡುವವರಿಗೆ ಮಾತ್ರ 1:100 ಸರಿಹೋಗದು. ಹಳಿ 10 ಮಿ.ಮೀ. ಆಗಬೇಕು, ಸುಲಭವಾಗಿ ಸಿಗುವುದು 9. ಅವರಿಗೆ 1:87 ಒಳ್ಳೆಯದು. ಸ್ವಿಟ್ಜರ್ಲೆಂಡಿನ ಹಲವು ಬೆಟ್ಟದ ರೈಲುಗಳೂ ಮೀಟರ್ ಗೇಜ್ ಆದ್ದರಿಂದ ಅವುಗಳ ಮಾದರಿಗೆಂದು 12 ಮಿ.ಮೀ. ಹಳಿ, ಗಾಲಿಗಳು ಸಿದ್ಧವಾಗಿ ಸಿಗುತ್ತವೆ, ಬೇಕಾದದ್ದು 11.5. ಅರ್ಧ ಮಿಲಿಮೀಟರಿನ ಈ ತಪ್ಪನ್ನು ಒಪ್ಪಬಹುದು. ಪ್ರಮಾಣ ಮೊದಲೇ ನಿಂತಿರುವ ನಿಯಮವಲ್ಲ, ಮೂಲದ ಹಳಿ ನೋಡಿ ಆರಿಸಬೇಕಾದದ್ದು ಎಂಬ ನನ್ನ ಮಾತಿಗೆ ಇದು ವಿರೋಧವಲ್ಲ, ಪುಷ್ಟಿ.

ಯುದ್ಧದ ವಸ್ತುವನ್ನು ಆಟಿಕೆ ಮಾಡುವುದು ಯುದ್ಧವನ್ನು ಚೆಂದಗಾಣಿಸಿದಂತೆ ಎಂದು ನೊಂದು ಹೇಳುವವರ ಮಾತನ್ನು ಹಗುರವಾಗಿ ತಳ್ಳಲಾಗದು. ಆದರೆ ಸುಳ್ಳು ಅಳತೆಯ ಆಟಿಕೆ ಆ ಕೆಲಸವನ್ನು ಹೆಚ್ಚು ಮಾಡುತ್ತದೆ. ನಿಖರ ಮಾದರಿ ಭಾರವನ್ನು, ಸಾಗಣೆಯ ಶ್ರಮವನ್ನು, ಒಂದು ಟ್ಯಾಂಕ್ ಊರಿಂದೂರಿಗೆ ಹೋಗಲು ಎಷ್ಟು ಜನರ ಎಷ್ಟು ಲೆಕ್ಕ ಬೇಕೆಂಬುದನ್ನು ತೋರಿಸುತ್ತದೆ. ಭದ್ರತೆಯ ಪ್ರಶ್ನೆ ಇದಕ್ಕಿಂತ ನೇರ. ಕೆಲಸದಲ್ಲಿರುವ ಸೇನಾ ವ್ಯಾಗನ್ನನ್ನು ನಿಲ್ದಾಣದಲ್ಲಿ ಅಳೆಯಲು ಹೋಗಬಾರದು. ರೈಲ್ವೆಯ ಅಳತೆಪಟ್ಟಿ ಬಹಿರಂಗವಾಗಿದೆ, ಟ್ಯಾಂಕುಗಳ ಅಗಲ, ತೂಕ ಅಚ್ಚಾಗಿವೆ, ವಿಜಯಂತ ಹಲವು ಊರುಗಳ ವೃತ್ತಗಳಲ್ಲಿ ಸ್ಮಾರಕವಾಗಿ ನಿಂತಿದೆ. ನಿವೃತ್ತವಾದ ವ್ಯಾಗನ್ನುಗಳ ನಕ್ಷೆಗಳನ್ನು ಲಖನೌದಲ್ಲಿರುವ ರೈಲ್ವೆಯ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ, ಬಿಇಎಂಎಲ್‌ನಂತಹ ಸಂಸ್ಥೆಗಳು ತಾವಾಗಿಯೇ ಬಿಡುಗಡೆ ಮಾಡಿದರೆ ಊಹೆಗೆ ಎಡೆಯೇ ಇರುವುದಿಲ್ಲ. ಖರ್ಚು ಕೂಡ ಮೊದಲಿನಂತಿಲ್ಲ. ಉಕ್ಕಿನ ಅಚ್ಚು ಮಾಡಿಸಿ ಸಾವಿರಾರು ಪ್ರತಿ ಮಾರಬೇಕಾದ ಕಾಲ ಹೋಗಿ, ತ್ರಿಡಿ ಪ್ರಿಂಟರಿನಲ್ಲಿ ಹತ್ತೇ ಪ್ರತಿ ತೆಗೆಯಬಹುದಾಗಿದೆ.

ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಿಂದ ಇದೆ. ಅರಮನೆಯ ಗಾಡಿಗಳು, ಮೀಟರ್ ಗೇಜ್ ಎಂಜಿನ್ನು, ಹಳಿಯ ಮೇಲೆ ಓಡುತ್ತಿದ್ದ ಆಸ್ಟಿನ್ ಕಾರು ಅಲ್ಲಿವೆ. ಈ ಭಾಗದವರು ಕೆಲಸ ಶುರು ಮಾಡಬೇಕಾದದ್ದು ಅಲ್ಲಿಂದಲೇ: ಅನುಮತಿ ಪಡೆದು ಒಂದು ಮೀಟರ್ ಗೇಜ್ ವಾಹನದ ಗಾಲಿಯ ವ್ಯಾಸ, ಅಚ್ಚುಗಳ ಅಂತರ, ಹಳಿಯಿಂದ ಬಫರಿನವರೆಗಿನ ಎತ್ತರ ಅಳೆದು ನಕ್ಷೆ ಬರೆಯುವುದು. ಕೈ ಪಳಗಿದ ಮೇಲೆ, ಬಹಿರಂಗ ಅಳತೆಗಳಿಂದ ಬ್ರಾಡ್ ಗೇಜಿನ ಚಪ್ಪಟೆ ವ್ಯಾಗನ್ ಒಂದನ್ನು 1:100ರಲ್ಲಿ ಮಾಡಿ, ಅದರ ಮೇಲೆ 31.7 ಮಿ.ಮೀ. ಅಗಲದ ವಿಜಯಂತ ಒಂದನ್ನೂ 36 ಮಿ.ಮೀ. ಅಗಲದ ಟಿ-72 ಒಂದನ್ನೂ ಸರದಿಯಂತೆ ನಿಲ್ಲಿಸಿ ನೋಡಬೇಕು. ಮೊದಲನೆಯದು ಮಿತಿಯೊಳಗೆ ಕೂರುತ್ತದೆ, ಎರಡನೆಯದು ಎರಡೂ ಬದಿ ಒಂದೂಮುಕ್ಕಾಲು ಮಿಲಿಮೀಟರ್ ಹೊರಗೆ ಚಾಚುತ್ತದೆ.